ಯಾವ ರೂಟಿನಲ್ಲೂ ಇಲ್ಲದ ಸ್ಟಾಪು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಂಬುವವಳು ನಾನಲ್ಲ. ಪಿರಿಯಾಪಟ್ಟಣದ ಹತ್ತಿರ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಮಗುವಿಗೆ ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿಕೊಂಡು ಬರುವ ತಾಯಂದಿರನ್ನು, ಮೊದಲು ಆಸ್ಪತ್ರೆಗೆ ಹೋಗಿ ಬನ್ನಿ ಎಂದು ಎಷ್ಟೋ ಸಲ ಗದರಿದ್ದೇನೆ. ಸತ್ತವರು ಬಂದು ಮಾತಾಡಿಸಿದರು ಎಂದು ಯಾರಾದರೂ ಅಂದರೆ, ರಾತ್ರಿ ಏನು ತಿಂದಿದ್ದೆ ಎಂದು ಕೇಳಿ ನಗುತ್ತಿದ್ದೆ. ಅವರಲ್ಲಿ ಯಾರಾದರೂ ಇದನ್ನು ಓದಿದರೆ ಈಗ ನನ್ನನ್ನೇ ಆ ಪ್ರಶ್ನೆ ಕೇಳಬಹುದು. ಕೇಳಲಿ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ನಮ್ಮ ಯಜಮಾನರು ಬಸ್ ಕಂಡಕ್ಟರ್ ಆಗಿದ್ದರು. ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರ, ಭೇರ್ಯ, ಬೆಟ್ಟದಪುರ, ಈ ಕಡೆಯ ರಸ್ತೆಗಳಲ್ಲೇ ಅವರ ನೌಕರಿಯೆಲ್ಲ ಕಳೆಯಿತು. ನಮ್ಮ ಕಡೆ ಎಷ್ಟೋ ಸ್ಟಾಪುಗಳಿಗೆ ಬೋರ್ಡು ಇರುವುದಿಲ್ಲ. ಕಣ್ಣಿಗೆ ಏನು ಕಾಣುತ್ತದೋ ಅದೇ ಹೆಸರು. ಜೋಡಿ ಆಲದಮರ, ರೈಸ್ ಮಿಲ್ಲು, ಮುರಿದ ಸೇತುವೆ. "ರೈಸ್ ಮಿಲ್ಲು, ಯಾರ್ರೀ ಇಳಿಯೋರು, ಮುಂದಕ್ ಬನ್ನಿ" ಎಂದು ಅವರು ಕೂಗಿದರೆ ರಸ್ತೆ ಬದಿಯ ಗದ್ದೆಯವರೂ ತಲೆಯೆತ್ತಿ ನೋಡುತ್ತಿದ್ದರು. ಕೂಗಿದ ಮೇಲೆ ಕೈಯಲ್ಲಿದ್ದ ನಾಣ್ಯದಿಂದ ಕಂಬಿಗೆ ಎರಡು ಏಟು. ಆಮೇಲೆ ಇಳಿದವರ ಕಾಲು ನೆಲ ಮುಟ್ಟಿದ್ದನ್ನು ಬಗ್ಗಿ ನೋಡಿಯೇ "ರೈಟ್" ಅನ್ನುತ್ತಿದ್ದರು. ಅವರು ಆ ಮಾತು ಹೇಳುವ ತನಕ ಡ್ರೈವರ್ ಸಿದ್ದಣ್ಣ ಬ್ರೇಕಿನ ಮೇಲಿನ ಕಾಲು ತೆಗೆಯುತ್ತಿರಲಿಲ್ಲ. ಇಬ್ಬರೂ ಬಹಳ ವರ್ಷ ಒಂದೇ ಗಾಡಿಯಲ್ಲಿದ್ದವರು.

ನಮಗೆ ಒಬ್ಬಳೇ ಮಗಳು, ಸಿಂಚನ. ಹುಣಸೂರಿನಲ್ಲಿ ಪಿಯುಸಿ ಓದುವಾಗ ಸಂಜೆ ಅಪ್ಪನ ಬಸ್ಸಿಗೇ ಹತ್ತುತ್ತಿದ್ದಳು. ಸೀಟು ಸಿಕ್ಕಿದರೆ ಸಾಕು, ನಿದ್ದೆ. ಅವರು ಬಸ್ಸಿನಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಲ್ಲ. ಮಗಳು ಎಂದು ತೋರಿಸಿಕೊಂಡವರೂ ಅಲ್ಲ. "ಗಾಡೀಲಿ ಎಲ್ರೂ ಪ್ಯಾಸೆಂಜರ್ರೇ ಕಣೆ, ಇವಳಿಗೇನ್ ಕೊಂಬಾ?" ಅನ್ನುತ್ತಿದ್ದರು. ಆದರೆ ನಮ್ಮ ಸ್ಟಾಪು ಬಂದಾಗ ಅವಳ ತಲೆಯ ಮೇಲಿನ ಕಂಬಿಗೇ ನಾಣ್ಯ ಕುಟ್ಟಿ ಕೂಗುತ್ತಿದ್ದರು. ಅವಳು ನಿದ್ದೆಗಣ್ಣಲ್ಲೇ ಬ್ಯಾಗು ಎತ್ತಿಕೊಂಡು ಇಳಿಯುತ್ತಿದ್ದಳು. ಕಣ್ಣು ಬಿಡುವಾಗ ನೆಲದ ಮೇಲೆ ಇರುತ್ತೀನಮ್ಮ ಎಂದು ನಗುತ್ತಿದ್ದಳು.

ಆಮೇಲೆ ಮೈಸೂರಿನಲ್ಲಿ ಕಟ್ಟಡಗಳ ವಿನ್ಯಾಸ ಓದಲು ಸೇರಿದಳು. ಕಾಲೇಜಿನವರು ಕೆಲವು ಮಕ್ಕಳನ್ನು ಒಂದು ಸೆಮಿಸ್ಟರಿನ ಮಟ್ಟಿಗೆ ಆಸ್ಟ್ರಿಯಾ ದೇಶದ ಕಾಲೇಜಿಗೆ ಕಳಿಸಿದಾಗ ಅವಳಿಗೂ ಅವಕಾಶ ಸಿಕ್ಕಿತು. ನಮ್ಮ ಯಜಮಾನರು ರಿಟೈರ್ ಆಗಿ ಆಗಿನ್ನೂ ಸ್ವಲ್ಪ ಕಾಲವಾಗಿತ್ತು. ಮಗಳು ಅಲ್ಲಿ ಶನಿವಾರ ಭಾನುವಾರ ಬಂದರೆ ಬೆನ್ನಿಗೆ ಬ್ಯಾಗು ಏರಿಸಿ ಗೆಳತಿಯರ ಜೊತೆ ಹೊರಟುಬಿಡುವಳು. ವಿಯೆನ್ನಾ, ಪ್ರಾಗ್, ಬುಡಾಪೆಸ್ಟ್, ನೀರಿನ ಮೇಲೆ ನಿಂತಿರುವ ವೆನಿಸ್. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ ಹಾಸ್ಟೆಲ್ಲುಗಳಲ್ಲಿ ಉಳಿದು, ಬ್ರೆಡ್ಡಿಗೆ ನಾನು ಕಟ್ಟಿಕೊಟ್ಟಿದ್ದ ಚಟ್ನಿಪುಡಿ ಹಚ್ಚಿ ತಿಂದು, ದಿನವಿಡೀ ನಡೆದು ಕಟ್ಟಡಗಳ ಚಿತ್ರ ಬರೆಯುತ್ತಿದ್ದಳು. ನನಗೆ ಫೋನಿನಲ್ಲಿ ಚರ್ಚಿನ ಗೋಪುರ, ಸೇತುವೆ, ಹಿಮ ತೋರಿಸುವಳು. ಅವಳಪ್ಪನಿಗೆ ಅದೊಂದೂ ಬೇಕಿರಲಿಲ್ಲ.

"ಅದಿರ್ಲಿ ಮಗ, ಮಧ್ಯ ಎಲ್ಲೆಲ್ಲಿ ನಿಲ್ತದೆ ಅದ ಹೇಳು" ಅನ್ನುವರು.

ಅವಳು ಒಂದೊಂದೇ ಸ್ಟೇಷನ್ನಿನ ಹೆಸರು ಹೇಳಿದರೆ ಇವರು ಮತ್ತೆ ಮತ್ತೆ ಹೇಳಿ ಕಲಿಯುವರು. ಒಂದು ದಿನ, ರೈಲಿನಲ್ಲಿ ಕೂತಿದ್ದಂತೆಯೇ ಬೇರೆ ದೇಶಕ್ಕೆ ಬಂದುಬಿಟ್ಟೆ, ಯಾರೂ ಏನೂ ಕೇಳಲಿಲ್ಲ ಅಂದಳು. ಇವರು ನಂಬಲೇ ಇಲ್ಲ. "ನಮ್ ಕ್ವಾಟೆ ದಾಟಿ ಕೇರಳಕ್ ಓಗೋಕೆ ಬಾವಲಿ ಚೆಕ್‌ಪೋಸ್ಟಲ್ಲಿ ಗೇಟ್ ಆಕವ್ರೆ. ಅಲ್ಲಿ ದೇಶ ದಾಟುದ್ರೂ ಒಬ್ನೂ ಬ್ಯಾಗ್ ಬಿಚ್ಚು ಅನ್ನಕಿಲ್ವ?" ಎಂದು ಸಿದ್ದಣ್ಣನ ಮುಂದೆ ಎಷ್ಟೋ ದಿನ ಅದೇ ಮಾತಾಡಿದರು. ಅಲ್ಲಿ ಸ್ಟೇಷನ್ ಬಂದರೆ ಮಿಷನ್ನೇ ಹೇಳುತ್ತದೆ, ಕೂಗುವ ಮನುಷ್ಯ ಇರುವುದಿಲ್ಲ ಅಂದಾಗ ಅವರಿಗೆ ಬೇಸರವೇ ಆಯಿತು.

"ಮಿಷನ್ನಿಗೇನ್ ಗೊತ್ತಾಯ್ತದೆ, ಯಾರ್ ನಿದ್ದೆ ಮಾಡ್ತಾವ್ರೆ ಅಂತ?"

"ಅದಕ್ಕೆ ಅಲಾರಂ ಇಟ್ಕೋತೀನಿ ಕಣಪ್ಪ."

"ಇಟ್ಕೋ ಇಟ್ಕೋ. ನಿನ್ ನಿದ್ದೆ ನಂಗೊತ್ತಿಲ್ವ" ಎಂದು ನಕ್ಕರು. ಅವರು ಅವಳೊಂದಿಗೆ ನೆಟ್ಟಗೆ ಮಾತಾಡಿದ್ದು ಅದೇ ಕೊನೆ.

ಅದಾದ ಕೆಲವೇ ದಿನಕ್ಕೆ ಬಚ್ಚಲಿನಲ್ಲಿ ಕುಸಿದರು. ಲಕ್ವ ಹೊಡೆದು ಬಲಗಡೆ ಬಿದ್ದುಹೋಗಿತ್ತು, ಮಾತು ನಿಂತಿತ್ತು. ಮೈಸೂರಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಮೇಲೂ ಮಾತು ಬರಲಿಲ್ಲ. ಗಂಟಲಿನಿಂದ ಒಂದು ಗೊರಗೊರ ಬಿಟ್ಟರೆ ಏನೂ ಇಲ್ಲ. ಸಿಂಚನ ಆಗಲೇ ಹೊರಟು ಬರುತ್ತೇನೆ ಅಂದಳು. ನಾನು ಫೋನನ್ನು ಅವರ ಮುಖದ ಎದುರು ಹಿಡಿದೆ. ಸೀಟು ಇಲ್ಲದ ಬಸ್ಸಿಗೆ ಜನ ಹತ್ತಲು ಬಂದರೆ ಬಾಗಿಲಲ್ಲಿ ನಿಂತು ಬೇಡ ಅನ್ನುತ್ತಾರಲ್ಲ, ಹಾಗೆ ಎಡಗೈಯನ್ನು ಎರಡು ಸಲ ಬೀಸಿದರು. ಅವಳು ಅತ್ತಳು. ಡಾಕ್ಟರು ಸಹ ಜೀವಕ್ಕೆ ಭಯವಿಲ್ಲ, ಮಾತು ನಿಧಾನವಾಗಿ ಬಂದರೂ ಬರಬಹುದು ಅಂದಿದ್ದರು. ಸೆಮಿಸ್ಟರ್ ಮುಗಿಯಲು ಹೆಚ್ಚು ದಿನವೂ ಇರಲಿಲ್ಲ. ಮಾತು ಬಂದ ಕೂಡಲೇ ಮೊದಲು ನನಗೇ ಫೋನ್ ಮಾಡಿಸಮ್ಮ, ಎಷ್ಟು ಹೊತ್ತಾದರೂ ಸರಿ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಆಮೇಲಿನ ದಿನಗಳಲ್ಲಿ ನಮ್ಮ ಮೂವರಿಗೂ ಇದ್ದ ಆಸೆ ಅದೊಂದೇ.

ಆ ದಿನ ಸಿದ್ದಣ್ಣ ನೋಡಲು ಬಂದಿದ್ದ. ನಾನು ಕಾಫಿಗೆ ಇಟ್ಟಿದ್ದೆ. ಹೊರಗೆ ಚೆನ್ನಾಗಿ ಬಿಸಿಲಿತ್ತು, ಮಕ್ಕಳು ಸ್ಕೂಲಿನಿಂದ ಬರುವ ಹೊತ್ತು. ಅವನು ಮಂಚದ ಪಕ್ಕ ಕುರ್ಚಿಯಲ್ಲಿ ಕೂತು ಎಂದಿನಂತೆ ಒಬ್ಬನೇ ಮಾತಾಡುತ್ತಿದ್ದ. "ಕಂಡಕ್ಟ್ರೇ, ನೀವ್ ಇಂಗ್ ಮಲಗ್ಬುಟ್ರೆ ನಂಗೆ ರೈಟ್ ಅನ್ನೋರ್ ಯಾರು? ಈಗಿನ್ ಹುಡುಗ್ರು ಫೋನ್ ನೋಡ್ಕಂಡೇ ಸೀಟಿ ಊದ್ತಾವೆ. ಮೊನ್ನೆ ಒಂದ್ ಮುದ್ಕಿ ಸೀರೆ ಸೆರಗು ಬಾಗ್ಲಲ್ಲೇ ಐತೆ, ಆಗ್ಲೇ ರೈಟಂತೆ!" ಅವರು ಕಣ್ಣು ಮುಚ್ಚಿದ್ದರು. ಮುಖ ಸಮಾಧಾನವಾಗಿತ್ತು.

ಇದ್ದಕ್ಕಿದ್ದಂತೆ ಕೂಗಿದರು. ಹಳೆಯ ಗಂಟಲು. ಒಂದಿಷ್ಟೂ ತೊದಲಲಿಲ್ಲ.

"ಹಳದಿ ಮನೆ, ಸೌದೆ ರಾಶಿ! ಯಾರ್ರೀ ಇಳಿಯೋರು, ಮುಂದಕ್ ಬನ್ನಿ!"

ಎಡಗೈ ಎತ್ತಿ ಮಂಚದ ಕಂಬಿಗೆ ಬೆರಳ ಗೆಣ್ಣಿನಿಂದ ಎರಡು ಏಟು ಹಾಕಿದರು. ನಾನು ಅಡುಗೆಮನೆಯಿಂದ ಓಡಿ ಬಂದೆ. ಸಿದ್ದಣ್ಣ ಕುರ್ಚಿಯಲ್ಲಿ ನೆಟ್ಟಗಾಗಿದ್ದ. ಅವನ ಬಲಗಾಲು ಮುಂದೆ ಚಾಚಿ, ನೆಲವನ್ನು ಒತ್ತಿ ಹಿಡಿದಿತ್ತು. ಬ್ರೇಕ್ ಹಾಕಿದ್ದ. ಅದು ಅವನಿಗೇ ಗೊತ್ತಿರಲಿಲ್ಲ.

ನಾವಿಬ್ಬರೂ ಅವರ ಬಾಯನ್ನೇ ನೋಡುತ್ತಾ ಕಾದೆವು. ಯಾಕೆ ಕಾದೆವು ಎಂದರೆ, ಕಂಡಕ್ಟರನ ಹೆಂಡತಿಯಾದ ನನಗೂ ಡ್ರೈವರ್ ಆದ ಅವನಿಗೂ ಮುಂದಿನ ಮಾತು ಏನೆಂದು ಗೊತ್ತಿತ್ತು. ಅದು ಬರಲಿಲ್ಲ. ಅವರು ಸ್ವಲ್ಪ ಹೊತ್ತು ಏನನ್ನೋ ಬಗ್ಗಿ ನೋಡುವವರಂತೆ ಕುತ್ತಿಗೆಯನ್ನು ಎಡಕ್ಕೆ ವಾಲಿಸಿದರು. ತುಟಿ ಅಲ್ಲಾಡಿತೋ ಇಲ್ಲವೋ ಹೇಳಲಾರೆ. ಸದ್ದು ಮಾತ್ರ ಬರಲಿಲ್ಲ.

"ಮಾತ್ ಬಂತು ಕಣಕ್ಕ! ಪಾಪುಗೆ ಫೋನ್ ಮಾಡಿ, ಬೇಗ!" ಎಂದು ಸಿದ್ದಣ್ಣ ಎದ್ದ. ನಾನು ಫೋನ್ ಒತ್ತಿದೆ. ಸಂಪರ್ಕ ಸಿಗುತ್ತಿಲ್ಲ ಎಂದು ಬಂತು. ಮತ್ತೆ ಮತ್ತೆ ಮಾಡಿದೆ. ಅದೇ ಉತ್ತರ. ಮಾತಾಡಿ, ನನ್ನ ಹತ್ತಿರವಾದರೂ ಇನ್ನೊಂದು ಮಾತಾಡಿ ಎಂದು ಅವರ ಕೈ ಹಿಡಿದುಕೊಂಡೆ. ಕೈ ಬೆಚ್ಚಗಿತ್ತು. ದೀಪ ಹಚ್ಚುವ ಹೊತ್ತಿಗೆ ಉಸಿರು ನಿಂತಿತು. ನೆಮ್ಮದಿಯಾಗಿಯೇ ಹೋದರು.

ಸಿಂಚನಳ ಫೋನು ಸಿಕ್ಕಾಗ ಕತ್ತಲಾಗಿತ್ತು. ಅಪ್ಪ ಹೋದರು ಎಂದಷ್ಟೇ ಹೇಳಿದೆ. ಕೂಗಿದ ಸಂಗತಿ ಹೇಳಲಿಲ್ಲ. ಮಾತು ಬಂದಿತ್ತು, ನೀನು ಸಿಗಲಿಲ್ಲ ಎಂದು ಅಷ್ಟು ದೂರದಲ್ಲಿ ಒಬ್ಬಳೇ ಇರುವ ಮಗುವಿಗೆ ಹೇಗೆ ಹೇಳಲಿ? ಅವಳು ಬಂದು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.

ಆ ಮಾತು ಹೊರಗೆ ಬಂದದ್ದು ತಿಥಿ ಮುಗಿದ ಮೇಲೆ. ನೆಂಟರೆಲ್ಲ ಹೋಗಿದ್ದರು. ಸಿದ್ದಣ್ಣ ಜಗಲಿಯ ಮೇಲೆ ಕೂತಿದ್ದವನು ನನ್ನನ್ನು ಕೇಳಿದ. "ಅಕ್ಕ, ಆವತ್ತಿಂದ ತಲೆ ಕೊರೀತಾ ಐತೆ. ನಾನು ಓಡ್ಸಿರೋ ರೂಟೆಲ್ಲ ಜ್ಞಾಪಿಸ್ಕಂಡೆ. ಸೌದೆ ರಾಶಿ ಅಂದ್ರೆ ನಮ್ ಕಡೆ ಒಗೆಸೊಪ್ಪು ಒಣಗ್ಸೋ ಬ್ಯಾರನ್ ಮನೆ ಇರೋ ತಾವೆಲ್ಲ ಐತೆ. ಆದ್ರೆ ಹಳದಿ ಮನೆ, ಸೌದೆ ರಾಶಿ ಅಂತ ಕೂಗೋ ಸ್ಟಾಪು ಯಾವ್ದೂ ಇಲ್ಲ ಕಣಕ್ಕ. ಎಲ್ಲಿ ನಿಲ್ಸುದ್ರು ಗಾಡಿಯ?"

ಒಳಗಿದ್ದ ಸಿಂಚನ ಬಾಗಿಲಿಗೆ ಬಂದು ನಿಂತಳು. "ಏನಂದ್ರಿ ಮಾಮ? ಇನ್ನೊಂದ್ಸಲ ಹೇಳಿ."

ಸಿದ್ದಣ್ಣ ನನ್ನ ಮುಖ ನೋಡಿದ. ಇನ್ನು ಮುಚ್ಚಿಡುವುದು ಬೇಡ ಎಂದು ನಾನು ತಲೆಯಾಡಿಸಿದೆ. ಅವನು ನಡೆದದ್ದನ್ನೆಲ್ಲ ಹೇಳಿದ. ಅವಳು ಒಳಗೆ ಹೋಗಿ ಫೋನ್ ತಂದು, ಒಂದು ಫೋಟೊ ತೆಗೆದು ನಮ್ಮ ಮುಂದೆ ಇಟ್ಟಳು.

ಪುಟ್ಟ ರೈಲ್ವೆ ಸ್ಟೇಷನ್ನು. ಒಂದೇ ಮನೆ, ಹಳದಿ ಬಣ್ಣದ್ದು. ಗೋಡೆಯ ಉದ್ದಕ್ಕೂ ಸೂರಿನವರೆಗೆ ಒಪ್ಪವಾಗಿ ಒಟ್ಟಿದ ಸೌದೆ. ಅದರ ಮುಂದೆ ಅವಳ ಬ್ಯಾಗು. ಸುತ್ತ ಬೆಟ್ಟ, ಹಿಮ. ಒಬ್ಬ ಮನುಷ್ಯನೂ ಇಲ್ಲ.

ಆ ದಿನ ಅವಳು ಗೆಳತಿಯರನ್ನು ಸೇರಿಕೊಳ್ಳಲು ಒಬ್ಬಳೇ ರೈಲಿನಲ್ಲಿ ಹೋಗುತ್ತಿದ್ದಳಂತೆ. ಅಲ್ಲಿ ಮಧ್ಯಾಹ್ನ. ನಿದ್ದೆ ಬಂದಿತ್ತು. ತಲೆಯ ಮೇಲೆ ಟಣ್ ಟಣ್ ಎಂದು ಎರಡು ಏಟು ಕೇಳಿತು. ಯಾರ್ರೀ ಇಳಿಯೋರು ಎಂದು ಅಪ್ಪ ಕೂಗಿದರು. ಪಿಯುಸಿ ಹುಡುಗಿಯಂತೆ ಬ್ಯಾಗು ಎತ್ತಿಕೊಂಡು ಇಳಿದುಬಿಟ್ಟಳು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದಳು. ಅವಳು ಇಳಿಯಬೇಕಾದ ಊರು ಇನ್ನೂ ಬಹಳ ದೂರ ಇತ್ತು.

"ಮತ್ತೆ ಹತ್ತೋಣ ಅಂತ ತಿರುಗಿದೆ. ಅಷ್ಟರಲ್ಲಿ ಹಿಂದಿನಿಂದ ರೈಟ್ ಅಂದ್ರು ಕಣಮ್ಮ. ಬಾಗ್ಲು ಮುಚ್ಕೊಳ್ತು, ರೈಲು ಹೊರಟೋಯ್ತು."

ನಾನು ಸಿದ್ದಣ್ಣನ ಕಡೆ ನೋಡಿದೆ. ಅವನು ಟವೆಲ್ಲಿನಿಂದ ಮುಖ ಮುಚ್ಚಿಕೊಂಡಿದ್ದ.

ಅಲ್ಲಿ ಫೋನಿಗೆ ಸಿಗ್ನಲ್ ಇರಲಿಲ್ಲ. ಮುಂದಿನ ರೈಲಿಗೆ ಬಹಳ ಹೊತ್ತು ಕಾಯಬೇಕಿತ್ತು. ತನ್ನ ನಿದ್ದೆಯ ಕಥೆ ಹೇಳಿ ಅಪ್ಪನನ್ನು ನಗಿಸಬೇಕು ಎಂದು ಆ ಫೋಟೊ ತೆಗೆದಳಂತೆ. ಮತ್ತೆ ರೈಲು ಹತ್ತಿ ಸಿಗ್ನಲ್ ಬಂದಾಗ ನನ್ನ ಕರೆಗಳೆಲ್ಲ ಒಟ್ಟಿಗೆ ಕಾಣಿಸಿದವು. ಇದನ್ನು ಹೇಳುತ್ತಾ ಅವಳು ಬಿಕ್ಕಿದಳು. "ಇಳೀದೇ ಇದ್ದಿದ್ರೆ ಫೋನ್ ಸಿಕ್ತಿತ್ತು ಕಣಮ್ಮ. ಅಪ್ಪ ಇದ್ದಾಗ್ಲೇ ಮಾತಾಡ್ತಿದ್ದೆ. ಯಾಕಮ್ಮ ಇಳಿಸಿದ್ರು ನನ್ನ?"

ಆ ರೈಲಿಗೆ ಏನಾದರೂ ಆಗಿತ್ತೇ ಎಂದು ಸಿದ್ದಣ್ಣ ಕೇಳಿದ. ಏನೂ ಆಗಿರಲಿಲ್ಲ, ಹೊತ್ತಿಗೆ ಸರಿಯಾಗಿ ಊರು ಸೇರಿತ್ತು. ಅಪಾಯದಿಂದ ಕಾಪಾಡಿದರು ಎಂದುಕೊಳ್ಳುವ ಸಮಾಧಾನವೂ ನಮಗೆ ಸಿಗಲಿಲ್ಲ.

ನಾನು ಬುದ್ಧಿ ಉಪಯೋಗಿಸಿ ನೋಡಿದ್ದೇನೆ. ಮೊದಲೇ ಅವಳು ಕಳಿಸಿದ್ದ ಯಾವುದೋ ಫೋಟೊದಲ್ಲಿ ಅಂಥ ಮನೆ ಇದ್ದು, ಅದು ಅವರ ತಲೆಯಲ್ಲಿ ಉಳಿದಿರಬಹುದು. ಹುಡುಕಿದೆ, ಸಿಗಲಿಲ್ಲ. ಆ ದೇಶದಲ್ಲಿ ಹಳದಿ ಸ್ಟೇಷನ್ನೂ ಸೌದೆಯೂ ಬೇಕಾದಷ್ಟು ಇವೆಯಂತೆ. ಇನ್ನು ಅವಳಿಗೆ ಬಿದ್ದದ್ದು ಕನಸು, ಅಪ್ಪನದೇ ಯೋಚನೆಯಲ್ಲಿದ್ದ ಮಗಳಿಗೆ ಅಪ್ಪನ ದನಿ ಕೇಳುವುದರಲ್ಲಿ ಆಶ್ಚರ್ಯವೇನು? ಫೋಟೊ ತೆಗೆದ ಹೊತ್ತನ್ನು ಫೋನು ತೋರಿಸಿತು. ನಮ್ಮ ಕಾಫಿಯ ಹೊತ್ತಿಗೆ ಸರಿಸುಮಾರು ಹೊಂದುತ್ತದೆ. ಆದರೆ ಮನೆಯಲ್ಲಿ ಗಡಿಯಾರ ನೋಡಿದವರು ಯಾರು? ಹೀಗೆ ಒಂದೊಂದನ್ನೂ ಬಿಡಿಸಿ ಇಡಬಲ್ಲೆ. ಎಲ್ಲವನ್ನೂ ಒಟ್ಟಿಗೆ ಇಟ್ಟಾಗ ಮಾತ್ರ ನನ್ನ ಕೈ ಸೋಲುತ್ತದೆ.

ಸಿಂಚನ ಓದು ಮುಗಿಸಿ ಈಗ ಮೈಸೂರಿನಲ್ಲೇ ಕೆಲಸದಲ್ಲಿದ್ದಾಳೆ. ಅಪ್ಪ ಇರುವಾಗ ಮಾತಾಡಲಾಗಲಿಲ್ಲ ಎಂದು ಅವಳು ಈಗಲೂ ಕೊರಗುತ್ತಾಳೆ. ನನ್ನ ಕೊರಗು ಬೇರೆ. ಅದನ್ನು ಅವಳಿಗೆ ಹೇಳಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಮಂಚದ ಪಕ್ಕ ನಾನಿದ್ದೆ. ಕೈ ಹಿಡಿದುಕೊಂಡವಳು ನಾನು. ಸ್ಟಾಪು ಬಂತು ಎಂದು ಕೂಗಿದ್ದಷ್ಟೇ ನನಗೆ ಕೇಳಿಸಿತು. ರೈಟ್ ಎಂಬ ಹೊರಡುವ ಮಾತು ಅಷ್ಟು ದೂರದಲ್ಲಿದ್ದ ಅವಳಿಗೆ ಹೋಯಿತು.

ದಿನಾ ಬೆಳಿಗ್ಗೆ ಅಂಗನವಾಡಿಗೆ ಬಸ್ಸಿನಲ್ಲೇ ಹೋಗುತ್ತೇನೆ. ನನ್ನ ಸ್ಟಾಪಿನಲ್ಲಿ ಇಳಿದ ಮೇಲೆ ಸ್ವಲ್ಪ ನಿಲ್ಲುತ್ತೇನೆ. ಕಂಡಕ್ಟರ್ ಹುಡುಗ ಸೀಟಿ ಊದುತ್ತಾನೆ, ಬಸ್ಸು ಹೋಗುತ್ತದೆ. ಧೂಳು ಅಡಗುವ ತನಕ ಅಲ್ಲೇ ನಿಂತಿರುತ್ತೇನೆ. ನನ್ನ ಎರಡೂ ಕಾಲು ನೆಲದ ಮೇಲೇ ಇರುತ್ತವೆ. ಹಿಂದಿನಿಂದ ಯಾರೂ ಏನೂ ಅನ್ನುವುದಿಲ್ಲ.