ಅವರು ಮುಟ್ಟದೆ ಬಿಟ್ಟ ಕಾಫಿ

ಬಹರೈನಿನ ಗುಫೂಲ್ ಬಡಾವಣೆಯ ಒಂದು ಮನೆಯಲ್ಲಿ ನಾನು ಅಡುಗೆಯವನಾಗಿದ್ದೆ. ಯಜಮಾನರು ಲೆಬನಾನಿನವರು. ಮೀನಾ ಸಲ್ಮಾನ್ ಬಂದರಿನ ಗೋದಾಮಿನಲ್ಲಿ ಟೈಲ್ಸ್ ವ್ಯಾಪಾರ ಮಾಡುತ್ತಿದ್ದರು. ಅವರ ಊರಿನವರು ಮಾತ್ರ ಮನೆಗೆ ಬಂದಾಗ ಅವರನ್ನು 'ಕಮಾಂಡರ್' ಎನ್ನುತ್ತಿದ್ದರು. ಅಲ್ಲಿ ಅಂತರ್ಯುದ್ಧ ಹತ್ತಿಕೊಂಡಾಗ ಒಂದು ಪಕ್ಷದ ಪಡೆಯನ್ನು ನಡೆಸಿದವರು ಅವರು. ನನಗೆ ಅವರು ಬರೀ ಬಾಬಾ. ಮನೆಗೆಲಸದವರೆಲ್ಲ ಯಜಮಾನರನ್ನು ಹಾಗೆಯೇ ಕರೆಯುವುದು. ಟೊಮೆಟೊ ಸಿಪ್ಪೆ ತೆಗೆಯದೆ ಹಾಕಿದರೆ ಸಿಟ್ಟಾಗುತ್ತಿದ್ದರು. ಬೇರೆ ಯಾವುದಕ್ಕೂ ಅವರು ದನಿ ಎತ್ತಿದ್ದು ನಾನು ಕೇಳಿಲ್ಲ.

ಎದುರು ಪಕ್ಷದ ಪಡೆಯನ್ನು ನಡೆಸಿದವರೂ ಬಹರೈನಿಗೇ ಬಂದಿದ್ದರು. ಮಾಹೂಝಿನ ಒಂದು ಫ್ಲಾಟಿನಲ್ಲಿ ಮುದಿ ತಾಯಿಯ ಜೊತೆ ಇದ್ದರು. ದ್ವೀಪ ಎಷ್ಟು ದೊಡ್ಡದು? ಕೋಲ್ಡ್ ಸ್ಟೋರ್ ಎನ್ನುವ ದಿನಸಿ ಅಂಗಡಿಯಲ್ಲಿ ಇಬ್ಬರೂ ಎದುರಾಗುತ್ತಿದ್ದರು. ಆಗೆಲ್ಲ ಬಾಬಾ ಸಾಮಾನಿನ ಚೀಲ ಅಲ್ಲೇ ಬಿಟ್ಟು ಹೊರಗೆ ಹೋಗಿಬಿಡುತ್ತಿದ್ದರು. ಯಾರು ಅವರು ಎಂದು ಒಮ್ಮೆ ಕೇಳಿದೆ.

"ಒಂದು ಚಳಿಗಾಲ ಪೂರ್ತಿ ನನ್ನನ್ನು ಕೊಲ್ಲಲು ನೋಡಿದವನು. ನಾನೂ ಅವನನ್ನು ಕೊಲ್ಲಲು ನೋಡಿದೆ. ಇಬ್ಬರ ಗುರಿಯೂ ಸರಿ ಇರಲಿಲ್ಲ," ಎಂದು ನಕ್ಕರು.

ಒಂದು ಶುಕ್ರವಾರ ಮಧ್ಯಾಹ್ನ ಆ ಮನುಷ್ಯ ಒಬ್ಬರೇ ನಮ್ಮ ಮನೆಗೆ ಬಂದರು. ಬಾಬಾ ಬಾಗಿಲಲ್ಲಿ ಒಂದು ಕ್ಷಣ ನಿಂತರು, ಆಮೇಲೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ನಾನು ಕಾಫಿ ಕಾಯಿಸಿ ಇಬ್ಬರ ಮುಂದೆಯೂ ಇಟ್ಟೆ. ಬಂದವರು ಅದನ್ನು ಮುಟ್ಟಲಿಲ್ಲ.

ಅಷ್ಟು ವರ್ಷ ಅಲ್ಲಿದ್ದು ನನಗೆ ಅರಬ್ಬಿ ಅರ್ಥವಾಗುತ್ತಿತ್ತು. ಅಡುಗೆಮನೆ ಬಾಗಿಲಿಗೆ ಮಾತು ಕೇಳುತ್ತಿತ್ತು.

"ನನ್ನ ತಮ್ಮನನ್ನು ನಿನ್ನ ಹುಡುಗರು ಚೆಕ್‌ಪೋಸ್ಟಿನಲ್ಲಿ ಇಳಿಸಿಕೊಂಡರು. ಬದುಕಿಲ್ಲ ಅಂತ ನನಗೆ ಗೊತ್ತು. ಯಾಕೆ ಕೊಂದಿರಿ ಅಂತ ಕೇಳಲು ಬಂದಿಲ್ಲ, ನಾವೂ ಕೊಂದಿದ್ದೇವೆ. ಎಲ್ಲಿ ಹೂಳಿದಿರಿ, ಅಷ್ಟು ಹೇಳು. ಬಾಗಿಲು ಯಾರು ತಟ್ಟಿದರೂ ಅಮ್ಮ ಅವನ ಹೆಸರು ಹಿಡಿದು ಕೂಗುತ್ತಾಳೆ."

ಬಾಬಾ ಮುಂದೆ ಬಾಗಿ ಕೂತು ನೆಲ ನೋಡುತ್ತಿದ್ದರು. ಕಾಫಿಯ ಮೇಲೆ ಕೆನೆಯಂಥ ಪದರ ಕಟ್ಟಿತು.

ನಮ್ಮ ಕರಾವಳಿಯ ಮನೆಗಳಲ್ಲಿ ಬಂದವರಿಗೆ ಮೊದಲು ಆಸರಿಗೆ ಎಂದು ಕುಡಿಯಲು ಏನಾದರೂ ಕೊಡಬೇಕು. ಕೊಟ್ಟದ್ದು ಅವರೆದುರು ತಣ್ಣಗಾದರೆ ಅದು ಮನೆಗೇ ಅವಮಾನ. ನನ್ನ ಅಮ್ಮ ಸದ್ದಿಲ್ಲದೆ ಲೋಟ ಎತ್ತಿಕೊಂಡು ಹೋಗಿ ಬಿಸಿಯದ್ದು ತಂದಿಡುತ್ತಿದ್ದಳು. ನಾನೂ ಹಾಗೇ ಮಾಡಿದೆ. ಹೋಗಿ ಆ ಕಪ್ ಎತ್ತಿಕೊಂಡೆ. ಬಂದವರ ಕಣ್ಣು ಕಪ್ಪಿನ ಹಿಂದೆಯೇ ಬಂತು. ಒಲೆಯ ಮೇಲೆ ಹೊಸ ಕಾಫಿ ಉಕ್ಕುವುದರೊಳಗೆ ಹೊರಬಾಗಿಲು ಮುಚ್ಚಿದ ಸದ್ದಾಯಿತು.

ಬಾಬಾ ಬೈಯಲಿಲ್ಲ. "ನಮ್ಮ ಬೆಟ್ಟದ ಕಡೆ ಏನಾದರೂ ಬೇಡಿ ಬಂದವನು, ಕೇಳಿದ್ದು ಕೊಡುತ್ತೇನೆ ಅನ್ನುವವರೆಗೆ ಕಾಫಿ ಮುಟ್ಟುವುದಿಲ್ಲ. ಮನೆಯವರು ಕಪ್ ಎತ್ತಿದರೆ, ಇಲ್ಲ ಎಂದ ಹಾಗೆ," ಎಂದರು.

"ನನಗೆ ಗೊತ್ತಿರಲಿಲ್ಲ ಬಾಬಾ."

"ನಿನಗೆ ಗೊತ್ತಿರಲಿಲ್ಲ ಅನ್ನುವುದು ಅವನಿಗೆ ಗೊತ್ತಿಲ್ಲ." ತಮ್ಮ ಕಪ್ ಪಕ್ಕಕ್ಕೆ ಸರಿಸಿ, "ಅವನು ಎದ್ದಾಗ ಕೂಗಿ ಕರೆಯಬಹುದಿತ್ತು. ಮಾತು ಬಾಯಿಗೆ ಬಂದಿತ್ತು. ನನ್ನಿಂದ ಆಗಲಿಲ್ಲ," ಎಂದರು.

ಮರುದಿನ ನನ್ನನ್ನೇ ಕಳಿಸಿದರು. ತಾವು ಹೋದರೆ ಅವನು ಬಾಗಿಲು ತೆಗೆಯುವುದಿಲ್ಲ ಎಂದರು. ಕಪ್ ಎತ್ತಿದ್ದು ಅಡುಗೆಯವನ ತಪ್ಪು, ಮಾತು ಇನ್ನೂ ಬಾಕಿ ಇದೆ, ಬಾ ಎಂದು ಹೇಳಬೇಕು. ಅಷ್ಟೇ. ಉಳ್ಳಾಲದ ಬ್ಯಾರಿ ಸ್ನೇಹಿತನೊಬ್ಬ ವ್ಯಾನ್ ಓಡಿಸುತ್ತಿದ್ದ, ಅವನ ಜೊತೆ ಹೊರಟೆ.

"ಎಂತ ಮಾರಾಯ, ಹೆಣ್ಣು ಕೇಳ್ಲಿಕ್ಕೆ ಹೋಗುವ ಹಾಗೆ ಕೂತಿದ್ದಿ?"

"ಒಂದು ತಪ್ಪಾಗಿದೆ. ಒಪ್ಪಿಕೊಳ್ಳಿಕ್ಕೆ ಹೋಗುದು." ಕಾಫಿಯ ಕತೆ ಹೇಳಿದೆ.

"ಇಷ್ಟೆಯಾ? ಕಾಫಿ ಕಪ್ಪಿಗೆ ಯಾರಾದ್ರೂ ತಲೆ ತೆಗೀತಾರಾ?"

"ಇವ್ರು ತೆಗ್ದವ್ರೇ ಮಾರಾಯ."

ಅವನು ಮತ್ತೆ ನಗಲಿಲ್ಲ.

ಮಾಹೂಝಿನ ಆ ಫ್ಲಾಟಿನ ಬಾಗಿಲು ತಟ್ಟಿದೆ. ಒಳಗಿನಿಂದ ಮುದುಕಿಯೊಬ್ಬಳ ದನಿ ಒಂದು ಹೆಸರು ಕೂಗಿತು. ಆ ಹೆಸರು ಯಾರದೆಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಗ ಬಂದು ಬಾಗಿಲು ತೆಗೆದರು.

"ನಿನ್ನೆ ಕಪ್ ಎತ್ತು ಅಂತ ನಿನಗೆ ಯಾರು ಹೇಳಿದರು?"

ಕೊಲ್ಲಿಯಲ್ಲಿ ದುಡಿಯುವ ನಮ್ಮಂಥವರ ನಾಲಿಗೆಯ ತುದಿಯಲ್ಲಿ ಸದಾ ಒಂದು ಮಾತು ಇರುತ್ತಿತ್ತು. ಯಾರೇ ಗದರಿಸಿ ಏನೇ ಕೇಳಲಿ, ಅದು ನಮ್ಮನ್ನು ಕಾಯುತ್ತಿತ್ತು. ಆ ಮನುಷ್ಯ ಗದರಿಸಲೂ ಇಲ್ಲ, ಸುಮ್ಮನೆ ಕೇಳಿದರು. ಆದರೂ ನನ್ನ ಬಾಯಿಂದ ಅದೇ ಬಂತು:

"ನಾನು ಬಾಬಾ ಹೇಳಿದಷ್ಟು ಮಾಡುವವನು."

ಅವರು ತಲೆಯಾಡಿಸಿದರು. ಮೆಲ್ಲಗೆ ಬಾಗಿಲು ಮುಚ್ಚಿದರು.

ಮತ್ತೆ ತಟ್ಟಬಹುದಿತ್ತು. ತಟ್ಟಿದರೆ ಆ ತಾಯಿ ಮತ್ತೆ ಕೂಗುತ್ತಾಳೆ, ಅದನ್ನು ಕೇಳಲಾರೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನಾನು ಹೆದರಿದ್ದೆ. ಹೆದರಿದವನು ವ್ಯಾನಿನಲ್ಲಿ ಸ್ನೇಹಿತನಿಗೆ "ಹೇಳಿ ಆಯ್ತು" ಎಂದೆ. ಬಾಬಾರಿಗೆ, "ಹೇಳಿದೆ, ಬರುವುದಿಲ್ಲವಂತೆ" ಎಂದೆ.

"ಅವನ ಜಾಗದಲ್ಲಿದ್ದರೆ ನಾನೂ ಬರುತ್ತಿರಲಿಲ್ಲ," ಎಂದರು ಬಾಬಾ. ಆಮೇಲೆ ಅವರು ಹೋಗಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ಮಾಹೂಝಿನ ಆ ಫ್ಲಾಟ್ ಖಾಲಿಯಾಗಿತ್ತು. ತಾಯಿ ಮಗ ಎಲ್ಲಿಗೆ ಹೋದರೆಂದು ಯಾರಿಗೂ ತಿಳಿದಿರಲಿಲ್ಲ.

ನಾನು ಕೆಲಸ ಬಿಟ್ಟು ಊರಿಗೆ ಹೊರಟಾಗ ಬಾಬಾ ತಾವೇ ವಿಮಾನ ನಿಲ್ದಾಣಕ್ಕೆ ಬಿಡಲು ಬಂದರು. ಕಾರು ನಿಲ್ಲಿಸಿ, ಮುಂದೆಯೇ ನೋಡುತ್ತ ಒಂದು ಹಳ್ಳಿಯ ಹೆಸರು ಹೇಳಿದರು. "ಅಲ್ಲಿ ಶಾಲೆಯ ಹಿಂದೆ ನೀರಿನ ತೊಟ್ಟಿ ಇದೆ. ಪಕ್ಕದಲ್ಲಿ ಅಂಜೂರದ ಮರ. ಆ ಹುಡುಗನನ್ನು ಹೂಳುವಾಗ ನಾನೂ ಅಲ್ಲಿ ನಿಂತಿದ್ದೆ."

"ನನಗ್ಯಾಕೆ ಹೇಳುತ್ತೀರಿ ಬಾಬಾ?"

"ಎಂದಾದರೂ ಅವನು ಸಿಕ್ಕಿದರೆ ಹೇಳು. ನನ್ನ ಮಾತನ್ನು ಅವನ ಬಾಗಿಲವರೆಗೆ ಒಯ್ದವನು ನೀನೊಬ್ಬನೇ."

ಆಗಲಾದರೂ ನಿಜ ಹೇಳಬೇಕಿತ್ತು. ಇಳಿದು, ಡಿಕ್ಕಿಯಿಂದ ಪೆಟ್ಟಿಗೆ ತೆಗೆದುಕೊಂಡು, ಅವರ ಕೈ ಹಿಡಿದು ಅತ್ತೆ. ಬಿಟ್ಟು ಹೋಗುವ ದುಃಖವೆಂದು ತಿಳಿದು ಅವರು ನನ್ನ ಬೆನ್ನು ತಟ್ಟಿದರು.

ಬಾಬಾ ತೀರಿಹೋಗಿ ಬಹಳ ವರ್ಷವಾಯಿತು. ಮನೆಗೆ ಬಂದವರ ಕಾಫಿ ತಣ್ಣಗಾದರೆ ನನ್ನ ಹೆಂಡತಿ ಎತ್ತಲು ಹೋಗುತ್ತಾಳೆ, ಇರಲಿ ಬಿಡು ಎನ್ನುತ್ತೇನೆ. "ಎಂತದು ನಿಮ್ದು, ಬಂದವ್ರಿಗೆ ತಣ್ಣಗಿನದ್ದು ಕುಡಿಸುದಾ?" ಎಂದು ಅವಳು ಎಲ್ಲರೆದುರೇ ಬೈಯುತ್ತಾಳೆ. ಬೈಯಲಿ. ಈಚೆಗೆ ಊರಿನವರ ಹೆಸರುಗಳೇ ಮರೆತುಹೋಗುತ್ತವೆ. ನಾನು ನೋಡದ ಆ ಹಳ್ಳಿಯ ಹೆಸರು ಮಾತ್ರ ಮರೆಯಬಾರದೆಂದು ದಿನಾ ಬೆಳಿಗ್ಗೆ ಒಮ್ಮೆ ಬಾಯಲ್ಲಿ ಹೇಳಿಕೊಳ್ಳುತ್ತೇನೆ.