ಬಾಗಿಲಾಚೆಯ ಚಪ್ಪಲಿಗಳು

ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳಷ್ಟು ನಿಷ್ಕಪಟಿಗಳು ಈ ಲೋಕದಲ್ಲಿ ಮತ್ತಾರೂ ಇಲ್ಲವೆಂಬುದು ನನ್ನ ವೃತ್ತಿಜೀವನದ ಏಕೈಕ ಸಂಶೋಧನೆ. ಎಂಬತ್ತರ ದಶಕದ ಆರಂಭದಲ್ಲಿ, ಆರ್.ಟಿ. ನಗರದ ಬಾಡಿಗೆಮನೆಯ ಮುಂದಿನ ಕೋಣೆಯಲ್ಲಿ ನಾನು ಮನೋಚಿಕಿತ್ಸಕನೆಂದು ಬೋರ್ಡು ಹಾಕಿಕೊಂಡು ಕೂತಾಗ, ಹೊಸಬರ ಪೂರ್ವಾಪರ ತಿಳಿಯಲು ಕಾಲೇಜಿನಲ್ಲಿ ಕಲಿಸಿದ ಪ್ರಶ್ನೆಗಳ ಸರಮಾಲೆಯೇ ನನ್ನಲ್ಲಿತ್ತು: ತೊಂದರೆ ಏನು, ಯಾವಾಗಿನಿಂದ, ನಿದ್ದೆ ಹೇಗೆ, ಮನೆಯಲ್ಲಿ ಯಾರ್ಯಾರಿದ್ದೀರಿ. ಪ್ರಶ್ನೆಗಳಲ್ಲಿ ದೋಷವಿರಲಿಲ್ಲ. ಆದರೆ ನಮ್ಮಲ್ಲಿ ಮನಸ್ಸು ನೊಂದವರು ಒಬ್ಬರೇ ಬರುವ ಪದ್ಧತಿಯಿಲ್ಲ. ಅತ್ತೆ, ಮಾವ, ಚಿಕ್ಕಪ್ಪಂದಿರೆಲ್ಲ ದಿಬ್ಬಣ ಹೊರಟಂತೆ ಬಂದು, ಕೇಳಿದ್ದಕ್ಕೆಲ್ಲ ತಾವೇ ಉತ್ತರಿಸಿ, ಯಾರ ಸಲುವಾಗಿ ಬಂದರೋ ಆ ಜೀವವನ್ನು ಮೂಲೆಯಲ್ಲಿ ಕೂರಿಸಿಬಿಡುತ್ತಿದ್ದರು.

ಆಗ ನಾನು ಕಿಟಕಿಯಿಂದ ಚಪ್ಪಲಿಗಳನ್ನು ಅಧ್ಯಯನ ಮಾಡತೊಡಗಿದೆ. ಹೆಬ್ಬಾಳ ಕೆರೆಯ ಕೆಸರು ಮೆತ್ತಿದ್ದರೆ ಏಕಾಂತಪ್ರಿಯರು, ಒಂದರ ಮೇಲೊಂದು ಬಿದ್ದಿದ್ದರೆ ಬಲವಂತಕ್ಕೆ ಬಂದವರು, ಹೀಗೆ ಶಾಸ್ತ್ರ ಬೆಳೆಯಿತು. ಒಂದು ಶನಿವಾರ, ಗೇಟಿನತ್ತ ಮೂತಿ ತಿರುಗಿಸಿ ನಿಂತ ಜೋಡಿಯೊಂದನ್ನು ಕಂಡು, ಇದರೊಡೆಯನಲ್ಲಿ ಪಲಾಯನಪ್ರವೃತ್ತಿ ಪ್ರಬಲವಾಗಿದೆಯೆಂದು ಘನಗಂಭೀರವಾಗಿ ನಿರ್ಣಯಿಸಿದ ಮೇಲೆ ತಿಳಿಯಿತು, ಅವು ನನ್ನವೇ. ಹುಬ್ಬಳ್ಳಿಯ ಬ್ಯಾಂಕಿಗೆ ವರ್ಗವಾಗಿದ್ದ ನನ್ನ ಹೆಂಡತಿ ಸುಮತಿ ತಿಂಗಳಿಗೊಮ್ಮೆ ಬರುವ ರೈಲಿಗಾಗಿ ಯಶವಂತಪುರ ಸ್ಟೇಷನ್ನಿಗೆ ಓಡಲು ಅವು ಬೆಳಗಿನಿಂದಲೇ ಸನ್ನದ್ಧವಾಗಿದ್ದವು. ಆ ಸಲ ರಜೆ ಸಿಗದೆ ಅವಳು ಬರಲಿಲ್ಲ.

ಅದಾದ ಮರುವಾರವೇ ಪಕ್ಕದ ಬೀದಿಯ ಹೆಣ್ಣುಮಗಳೊಬ್ಬಳು, ಶಮೀಮ್ ಎನ್ನೋಣ, ಅತ್ತೆಯ ಜೊತೆ ಬಂದಳು. ಮಾತೆಲ್ಲ ಅತ್ತೆಯದೇ. "ಊಟ ಸೇರಲ್ಲ, ನಿದ್ದೆ ಇಲ್ಲ, ಯಾವ ಟಾನಿಕ್ ಕೊಟ್ರೂ ಹತ್ತಲ್ಲ ಡಾಕ್ಟ್ರೇ." ಮನೆಯಲ್ಲಿ ಯಾರ್ಯಾರಿದ್ದೀರಿ ಎಂದರೆ, "ನಾನು, ಇವ್ಳು, ಅಷ್ಟೇ." ನಾನು ಕಿಟಕಿಯತ್ತ ಕಣ್ಣು ಹಾಯಿಸಿದೆ. ಹೊರಗೆ ಅತ್ತೆಯ ಪುಟ್ಟ ಚಪ್ಪಲಿಗಳ ಪಕ್ಕದಲ್ಲಿ ಗಂಡಸಿನ ದೊಡ್ಡ ಚರ್ಮದ ಚಪ್ಪಲಿಗಳಿದ್ದವು. ನನ್ನ ಶಾಸ್ತ್ರ ಜಾಗೃತವಾಯಿತು. ಜೊತೆಗೆ ಬಂದಿರುವ ಗಂಡಸರು ಹೊರಗೇ ನಿಂತದ್ದೇಕೆ, ಒಳಗೆ ಕರೆಯಿರಿ ಎಂದೆ.

ಆಗ ಶಮೀಮ್ ಮೊದಲ ಬಾರಿ ಬಾಯಿ ತೆರೆದಳು.

"ಅವು ನಾನೇ ಹಾಕ್ಕೊಂಡ್ ಬಂದಿದ್ದು ಸಾರ್. ನಮ್ಮನೆಯವರ್ದು. ದುಬೈಗೆ ಹೋಗುವಾಗ ಬೂಟ್ಸ್ ಹಾಕ್ಕೊಂಡ್ ಹೋದ್ರು, ಇವು ಇಲ್ಲೇ ಉಳ್ಕೊಂಡ್ವು."

"ಬೇಡ ಅಂದ್ರೂ ಕೇಳಲ್ಲ," ಎಂದು ಅತ್ತೆ ಶುರುಮಾಡಿದಳು. "ಎಲ್ಲಾ ಸವೆದ್ಹೋದ್ರೆ, ನನ್ ಮಗ ಬಂದಾಗ ಏನ್ ಹಾಕ್ಕೋತಾನೆ?"

ಹೋಗುವಾಗ ಆಕೆ ಮಂಡಿನೋವಿನಲ್ಲೂ ಬಗ್ಗಿ, ಬುರ್ಖಾದ ಅಂಚಿನಿಂದ ಆ ಚಪ್ಪಲಿಗಳ ಧೂಳು ಒರೆಸಿ ಸೊಸೆಯ ಕಾಲ ಮುಂದಿಟ್ಟಳು. ಒಬ್ಬಳ ಕಾಯಿಲೆಗೆ ಮದ್ದು ಕೇಳಲು ಬಂದವರು, ಇಬ್ಬರೂ ಒಂದೇ ಹಾತೊರೆತವನ್ನು ಹೊತ್ತುಕೊಂಡು ನಿಧಾನವಾಗಿ ಗೇಟು ದಾಟಿದರು. ಮನೆಯಲ್ಲಿ ಯಾರ್ಯಾರಿದ್ದಾರೆಂದು ಊರವರನ್ನೆಲ್ಲ ಕೇಳುತ್ತಿದ್ದ ನನಗೆ, ಯಾರಿಲ್ಲ ಎಂದು ಕೇಳಬೇಕೆಂದು ಅಂದಿನವರೆಗೆ ಹೊಳೆದಿರಲಿಲ್ಲ. ಆಮೇಲೆ ಹೊಸಬರು ಯಾರೇ ಬಂದರೂ ಅದನ್ನೇ ಮೊದಲು ಕೇಳತೊಡಗಿದೆ, ಅತ್ತೆಮಾವಂದಿರ ಬಳಿ ಅದಕ್ಕೆ ಸಿದ್ಧ ಉತ್ತರವಿರುತ್ತಿರಲಿಲ್ಲ.

ಆ ಸಂಜೆ ಸುಮತಿ ಬೇಕೆನಿಸಿತು, ಬಹಳ ಬೇಕೆನಿಸಿತು. ಅವಳು ಹೊರಡುವ ಮುನ್ನ ಪೇಪರಿನಲ್ಲಿ ಸುತ್ತಿ ಮಂಚದ ಕೆಳಗಿಟ್ಟಿದ್ದ ಹವಾಯಿ ಚಪ್ಪಲಿಗಳನ್ನು ತೆಗೆದು, ಬಾಗಿಲ ಬಳಿ, ಮೂತಿ ಮನೆಯತ್ತ ಮಾಡಿ ಇಟ್ಟೆ. ಮನೋಚಿಕಿತ್ಸಕ ಮಾಡಬಾರದ ಕೆಲಸವೇನೋ ಅದು, ಆದರೆ ನೋಡುವವರು ಯಾರೂ ಇರಲಿಲ್ಲ.

ಮಾರನೆಯ ದಿನ ಗೊರಗುಂಟೆಪಾಳ್ಯದಿಂದ ಅಪರೂಪಕ್ಕೆ ಒಬ್ಬರೇ ಬಂದ ಗುಮಾಸ್ತರೊಬ್ಬರು ತಮ್ಮ ಚಪ್ಪಲಿ ಬಿಡುತ್ತ, ಸುಮತಿಯ ಚಪ್ಪಲಿಗಳನ್ನು ಕಂಡು, ನಾನು ಏನನ್ನೂ ಕೇಳುವ ಮೊದಲೇ ಕೇಳಿದರು: "ಒಳಗೆ ಮೇಡಂ ಇದಾರಾ ಸಾರ್? ಮೆಲ್ಲಗ್ ಮಾತಾಡ್ಲಾ?"

ಒಳಮನೆಯ ಬಾಗಿಲನ್ನು ಸದ್ದಾಗದಂತೆ ಮುಂದೆ ಮಾಡಿದೆ.

"ಮೆಲ್ಲಗೇ ಮಾತಾಡೋಣ," ಎಂದೆ.