ಅಕ್ಕ ಗಾಡಿ ಹೊಡೆದ ದಿನ

ನಾನು ಚಿಕ್ಕವನಿದ್ದಾಗ ನಮ್ಮೂರಿನ ಮಕ್ಕಳಿಗೆಲ್ಲ ಒಂದೇ ಹಂಬಲ: ಎತ್ತಿನ ಗಾಡಿಯ ಮುಂದೆ ಕೂತು, ಹಗ್ಗ ಹಿಡಿದು, ಊರ ನಡುವೆ ಗಾಡಿ ಹೊಡೆಯಬೇಕು. ನಿನ್ನ ವಯಸ್ಸೆಷ್ಟು ಎಂದು ಕೇಳುವ ಪೊಲೀಸರು ಆಗ ಇರಲಿಲ್ಲ. ಬೇಡ ಅನ್ನಬೇಕಾದರೆ ಅಪ್ಪನೇ ಅನ್ನಬೇಕಿತ್ತು. ನಮ್ಮಪ್ಪ ಅನ್ನುತ್ತಿದ್ದ, ಅದೂ ದಿನಾ ಅನ್ನುತ್ತಿದ್ದ.

ಅಕ್ಕನಿಗೆ ಆಗ ಹದಿಮೂರು, ನನಗೆ ಎಂಟು. ಎತ್ತುಗಳ ಮೈ ತಿಕ್ಕುವುದು, ಹುಲ್ಲು ಹಾಕುವುದು, ಅವುಗಳ ಕಿವಿಯಲ್ಲಿ ಏನೇನೋ ಗುಟ್ಟು ಹೇಳುವುದು ಎಲ್ಲ ಅವಳೇ. ಅಪ್ಪನ ಪಕ್ಕ ಕೂತು ಸಮೇತನಹಳ್ಳಿಯ ದಾರಿಯಲ್ಲಿ ಎಷ್ಟೋ ಸಲ ಗಾಡಿ ಹೊಡೆದಿದ್ದಳು. ಸುಳ್ಳೇಕೆ ಹೇಳಲಿ, ಅಪ್ಪನಿಗಿಂತ ನಯವಾಗಿಯೇ ಹೊಡೆಯುತ್ತಿದ್ದಳು. ಆದರೂ ಅವಳೊಬ್ಬಳನ್ನೇ ಕಳಿಸಲು ಅಪ್ಪನಿಗೆ ಮನಸ್ಸು ಬರುತ್ತಿರಲಿಲ್ಲ.

ಅವತ್ತು ರಾಗಿ ಕೊಯ್ದು ಹೊರೆ ಕಟ್ಟಿದ್ದೆವು. ಹೊಲದ ತುಂಬ ಬಿಸಿಲಿಗೆ ಕಾದ ಹುಲ್ಲಿನ ವಾಸನೆ. ಮೈಯೆಲ್ಲ ನವೆ. ಮಧ್ಯಾಹ್ನವಾಗುತ್ತಲೇ ಮೋಡ ಕವಿದು ತಣ್ಣನೆ ಗಾಳಿ ಬೀಸಿತು. ತೆನೆ ನೆನೆದು ಮೊಳಕೆಯೊಡೆದರೆ ವರ್ಷದ ಮುದ್ದೆಗೇ ಕಲ್ಲು. ಅಪ್ಪ ಹೊಲದಲ್ಲೇ ನಿಂತು ಉಳಿದ ಹೊರೆಗಳನ್ನು ಒಟ್ಟಿ ಮುಚ್ಚಬೇಕು. ತುಂಬಿದ ಗಾಡಿಯೂ ಕಣ ಸೇರಬೇಕು. ತಾನು ಹೋಗುತ್ತೇನೆಂದು ಅಕ್ಕ ದುಂಬಾಲು ಬಿದ್ದಳು. ಅಪ್ಪ ಆಕಾಶ ನೋಡಿದ, ಅವಳ ಮುಖ ನೋಡಿದ, ಹಗ್ಗ ಕೊಟ್ಟುಬಿಟ್ಟ. ನನ್ನನ್ನು ಮಾತ್ರ ಗಾಡಿ ಹತ್ತಗೊಡಲಿಲ್ಲ. ನಾನು ಮುಖ ಊದಿಸಿಕೊಂಡು ಹಿಂದೆ ನಡೆದೆ.

ಕಣಕ್ಕೆ ಹೋಗುವ ದಾರಿ ಕೆರೆಯ ಏರಿಯ ಮೇಲಿತ್ತು. ಏರಿಯ ನಡುವೆ ನೀರಿಗಿಳಿಯುವ ಒಂದು ಜಾಡು. ಹೊಲದಿಂದ ಬರುವಾಗೆಲ್ಲ ಅಪ್ಪ ಅಲ್ಲಿ ಗಾಡಿ ನಿಲ್ಲಿಸಿ, ಎತ್ತುಗಳನ್ನು ನೊಗದಿಂದ ಬಿಚ್ಚಿ, ನೀರು ಕುಡಿಸುತ್ತಿದ್ದ. ಮಳೆಯ ಗಡಿಬಿಡಿಯಲ್ಲಿ ಅದು ಅಪ್ಪನಿಗೂ ನೆನಪಾಗಲಿಲ್ಲ, ಅಕ್ಕನಿಗೂ ನೆನಪಾಗಲಿಲ್ಲ. ಎತ್ತುಗಳಿಗೆ ನೆನಪಿತ್ತು. ಬಾಯಾರಿದ್ದ ಅವು ಜಾಡು ಕಂಡ ಕೂಡಲೇ ಗಾಡಿಯನ್ನೂ ಎಳೆದುಕೊಂಡು ಕೆಳಕ್ಕೆ ತಿರುಗಿದವು. ಅಕ್ಕ ಕಾಲು ಊರಿ, ಹಿಂದಕ್ಕೆ ಬಾಗಿ, ಹಗ್ಗ ಜಗ್ಗಿದಳು. ಅವಳು ಮಾಡಿದ್ದೆಲ್ಲ ಸರಿಯೇ. ತೋಳಲ್ಲಿ ಅಷ್ಟು ಬಲ ಇನ್ನೂ ಬಂದಿರಲಿಲ್ಲ, ಅಷ್ಟೇ. ಗಾಡಿ ವಾಲಿತು, ಹೊರೆಗಳು ಉರುಳಿದವು, ಕೆಳಗೆ ಬಿದ್ದ ಅಕ್ಕನ ಕಾಲು ಚಕ್ರಕ್ಕೆ ಸಿಕ್ಕಿತು.

ನಾನು ಕಿರುಚಿದ್ದು ಕೇಳಿ ಅಪ್ಪ ಓಡಿ ಬಂದ. ಅಕ್ಕ ನೋವಿಗಿಂತ ಹೆಚ್ಚಾಗಿ ಹೆದರಿಕೆಯಿಂದ ಅಳುತ್ತಿದ್ದಳು. ತಪ್ಪಾಯ್ತು, ತಪ್ಪಾಯ್ತು ಅನ್ನುತ್ತಲೇ ಇದ್ದಳು. ಅಪ್ಪ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮುಖಕ್ಕಂಟಿದ್ದ ಹುಲ್ಲು ತೆಗೆಯುತ್ತಾ ಹೇಳಿದ:

"ನಿಂದೇನೂ ತಪ್ಪಿಲ್ಲ ಕಣವ್ವಾ. ಮಕ್ಳು ಕೇಳ್ತವೆ. ಕೊಟ್ಟೋನು ನಾನು."

ಅಪ್ಪ ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಮಳೆ ಶುರುವಾಯಿತು. ಹೊಲದಲ್ಲಿ ರಾಗಿ ನೆನೆಯುತ್ತಿದ್ದರೂ ಅತ್ತ ತಿರುಗಿಯೂ ನೋಡದೆ, ಅಕ್ಕನನ್ನು ಎತ್ತಿಕೊಂಡು ಹೊಸಕೋಟೆಯ ಬಸ್ಸು ಬರುವ ರಸ್ತೆಯತ್ತ ಹೊರಟುಬಿಟ್ಟ. ಮುರಿದ ಮೂಳೆ ಕೂಡಿತು. ಕುಂಟು ಉಳಿಯಿತು. ನಿಮ್ಮ ದೊಡ್ಡಜ್ಜಿ ಯಾಕೆ ಹಾಗೆ ನಡೆಯುತ್ತಾರೆ ಎಂದು ನೀವು ಕೇಳುತ್ತಿದ್ದಿರಲ್ಲ, ಇದಕ್ಕೇ.

ಈಗ ಆ ಏರಿಯ ಮೇಲೆ ಡಾಂಬರು ಬಿದ್ದಿದೆ, ಮಣ್ಣು ತುಂಬಿದ ಟಿಪ್ಪರ್‌ಗಳು ಓಡಾಡುತ್ತವೆ. ಗಾಡಿ ಓಡಿಸಲು ಹದಿನೆಂಟು ಸಾಕೋ, ಇನ್ನೂ ಹೆಚ್ಚಿಸಬೇಕೋ ಎಂದು ಟಿವಿಯಲ್ಲಿ ದೊಡ್ಡವರು ಕಿತ್ತಾಡುತ್ತಾರೆ. ಹೆಚ್ಚಿಸಲಿ ಅನ್ನುವವನು ನಾನು. ನಿಮಗೋ ಹದಿನೈದಕ್ಕೇ ಸ್ಕೂಟರ್ ಬೇಕು. ಓಡಿಸಲು ಬರುತ್ತದೆ ಅನ್ನುತ್ತೀರಿ. ಬರುತ್ತದೆ ಮಕ್ಕಳೇ, ನಾನೇ ನೋಡಿದ್ದೇನೆ. ಆದರೆ ನಮ್ಮ ಗಾಡಿ ಎಷ್ಟು ನಿಧಾನವೆಂದರೆ, ಎಂಟು ವರ್ಷದ ನಾನು ಅದರ ಹಿಂದೆ ನಡೆದೇ ಬಂದಿದ್ದೆ. ಅಂಥ ಗಾಡಿಯೇ ಅಕ್ಕನ ಕಾಲು ಮುರಿಯಿತು. ನಿಮ್ಮ ಸ್ಕೂಟರ್ ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿಯ ತಿರುವು ದಾಟಿರುತ್ತದೆ.

ಕೀ ನಾನು ಕೊಡುವುದಿಲ್ಲ. ನಿಮ್ಮಪ್ಪ ಕೊಡಲು ಬಂದರೆ ಅವನನ್ನೂ ತಡೆಯುತ್ತೇನೆ. ತಾತನ ಮೇಲೆ ಮುನಿಸಿಕೊಳ್ಳಿ, ಮಾತು ಬಿಡಿ, ಕೋಣೆಗೆ ಹೋಗಿ ಧಡಾರನೆ ಬಾಗಿಲು ಹಾಕಿಕೊಳ್ಳಿ. ಆ ಬಾಗಿಲ ಒಳಗೆ ನೀವು ಇದ್ದೀರಲ್ಲ, ನನಗೆ ಅಷ್ಟೇ ಸಾಕು.